ಅತ್ತೆಯ ಅಳತೆಗೆ ಹೊಲಿದ ಆಟ

ನನ್ನ ಅಂಗಡಿಗೆ ಬರುವ ಅರ್ಧಕ್ಕರ್ಧ ಜನ ಕೇಳುವುದು ಒಂದೇ ಪ್ರಶ್ನೆ. "ಅಕ್ಕಾ, ಶೂಟಿಂಗ್ ಆಟಕ್ಕೆ ಕನ್ಸೋಲ್ ಒಳ್ಳೇದೋ, ಪಿಸಿ ಒಳ್ಳೇದೋ?" ಗೇಮ್ ಯಂತ್ರಗಳನ್ನು ಮಾರಿ, ರಿಪೇರಿ ಮಾಡಿ ಹೊಟ್ಟೆ ಹೊರೆಯುವವಳು ನಾನು. ಉತ್ತರ ಬಾಯಿಪಾಠ. ಪಿಸಿಯಲ್ಲಿ ಮೌಸ್ ಇದೆ, ಗುರಿ ಕರಾರುವಾಕ್ಕಾಗಿ ಸಿಗುತ್ತದೆ. ಆಡುವವರೇ ಮಾಡಿ ಹಂಚಿದ ಹೊಸ ಹೊಸ ಮ್ಯಾಪುಗಳು, ಎಂದರೆ ಆಟ ನಡೆಯುವ ಜಾಗಗಳು, ಇರುತ್ತವೆ, ಹಾಗಾಗಿ ಒಂದೇ ಆಟವನ್ನು ವರ್ಷಗಟ್ಟಲೆ ಆಡಿದರೂ ಹಳಸುವುದಿಲ್ಲ. ಎಲ್ಲವನ್ನೂ ನಮಗೆ ಬೇಕಾದಂತೆ ಬದಲಾಯಿಸಿಕೊಳ್ಳಬಹುದು. ಕನ್ಸೋಲ್ ಎಂದರೆ ಟಿವಿಗೆ ಸಿಕ್ಕಿಸು, ಕಂಟ್ರೋಲರ್ ಹಿಡಿ, ಆಡು. ಅದು ಕೊಟ್ಟಷ್ಟೇ ನಿನಗೆ. ಈ ಪಾಠವನ್ನು ಒಪ್ಪದೇ ಇದ್ದವಳು ಒಬ್ಬಳೇ, ನನ್ನ ಸೋದರಮಾವನ ಹೆಂಡತಿ, ನಮ್ಮ ಅತ್ತೆ.

ಮಾವ ಟೇಲರು. ನನ್ನ ಅಂಗಡಿಯ ಹಿಂದಿನ ಬೀದಿಯಲ್ಲಿ ಒಂದೇ ಕೋಣೆ, ಕತ್ತರಿಸುವ ಮೇಜು, ಎರಡು ಹೊಲಿಗೆ ಮಿಷನ್ನು. ಅವನು ಹೊಲಿದದ್ದಕ್ಕೆ ಕಾಜಾ ಹಾಕಿ, ಗುಂಡಿ ಕೂರಿಸಿ, ಅಂಚು ಮಡಿಸುವುದು ಅತ್ತೆ. ಗುಂಡಿ ತೂರುವ ಆ ಪುಟ್ಟ ಸೀಳಿನ ಸುತ್ತ ಅವಳು ದಾರ ಸುತ್ತುವುದನ್ನು ನೋಡಲೆಂದೇ ಗಿರಾಕಿಗಳು ನಿಲ್ಲುತ್ತಿದ್ದರು. ಬಾಯಿಯೂ ಅಷ್ಟೇ ಚೂಪು. ಪ್ಯಾಂಟು ಬಿಗಿಯಾಯಿತೆಂದು ಜಗಳಕ್ಕೆ ಬಂದವನಿಗೆ, "ಪ್ಯಾಂಟು ಅಷ್ಟೇ ಇದೆ ಸ್ವಾಮಿ, ನೀವೇ ಬೆಳೆದಿದ್ದೀರಿ" ಎಂದು ನಗಿಸಿ ಕಳಿಸಿದ್ದಳು.

ಹೊರಮೈ ಬಿರುಕು ಬಿಟ್ಟು, ಯಾರೂ ಕೊಳ್ಳದೆ ಬಿದ್ದಿದ್ದ ಕನ್ಸೋಲೊಂದನ್ನು ನಾನೇ ಅವರಿಗೆ ಕೊಟ್ಟಿದ್ದೆ. ಮಧ್ಯಾಹ್ನ ಗಿರಾಕಿ ಕಡಿಮೆ, ಇಬ್ಬರಿಗೂ ಹೊತ್ತು ಹೋಗಲಿ ಎಂದು. ಅದರೊಂದಿಗೆ ಇದ್ದದ್ದು ಒಂದೇ ಆಟ. ಟಿವಿ ಪರದೆ ಎರಡು ಭಾಗವಾಗುತ್ತದೆ. ಮೇಲಿನ ಅರ್ಧ ಮಾವನದು, ಕೆಳಗಿನ ಅರ್ಧ ಅತ್ತೆಯದು. ಇಬ್ಬರೂ ಗುಂಡು ಹಾರಿಸುತ್ತ ಒಂದು ಸೇತುವೆ ದಾಟಬೇಕು. ಒಬ್ಬರು ಬಿದ್ದರೆ ಇನ್ನೊಬ್ಬರು ಓಡಿ ಬಂದು, ಪರದೆಯ ಮೇಲಿನ ಚಕ್ರ ತುಂಬುವವರೆಗೆ ಒಂದು ಗುಂಡಿ ಒತ್ತಿ ಹಿಡಿದು ಎಬ್ಬಿಸಬೇಕು. ಇಬ್ಬರೂ ಬಿದ್ದರೆ ಮೊದಲಿಂದ. ಸೂಜಿಯ ಕಣ್ಣು ಹುಡುಕಿ ಪಳಗಿದವಳಿಗೆ ಶತ್ರುವಿನ ತಲೆ ಯಾವ ಲೆಕ್ಕ? ಮಾವ ಬೀಳುವುದು, ಅತ್ತೆ ಬೈದುಕೊಂಡೇ ಎಬ್ಬಿಸುವುದು, ದಿನಾ ಇದೇ ಕಥೆ.

"ಅದೇ ಸೇತುವೆ, ಅದೇ ಶತ್ರುಗಳು. ಬೇಜಾರಾಗಲ್ವಾ ಅತ್ತೆ? ಪಿಸಿಗೆ ಬಾ, ದಿನಕ್ಕೊಂದು ಹೊಸ ಮ್ಯಾಪ್ ಹಾಕಿಕೊಡ್ತೀನಿ" ಎಂದು ಕರೆದಿದ್ದೆ.

"ನಿನ್ನ ಮಾವನ ಮುಖಾನೂ ದಿನಾ ಅದೇ ಕಣೇ. ಅದನ್ನೂ ಬದಲಾಯಿಸ್ಲಾ?" ಎಂದಳು. ಮಾವ ಕತ್ತರಿ ಹಿಡಿದುಕೊಂಡೇ ಮುಸಿಮುಸಿ ನಕ್ಕ.

ಹೀಗಿರುವಾಗ ಒಂದು ದಿನ ಅತ್ತೆ ಕಂಟ್ರೋಲರ್ ತಂದು ನನ್ನ ಮುಂದೆ ಕುಕ್ಕಿದಳು. "ಇದಕ್ಕೇನೋ ಬಂದಿದೆ ನೋಡು. ಗುಂಡು ತಗುಲದೇ ಇದ್ರೂ ನಡುಗುತ್ತೆ. ಗುರಿಯೇ ನಿಲ್ಲಲ್ಲ." ಆಟದಲ್ಲಿ ಪೆಟ್ಟು ಬಿದ್ದಾಗ ಕೈಯಲ್ಲಿ ಅದುರಲೆಂದು ಕಂಟ್ರೋಲರಿನೊಳಗೆ ಪುಟ್ಟ ಮೋಟರಿರುತ್ತದೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ರೇಗಿಸುತ್ತಲೇ ಮೋಟರನ್ನು ಬಿಚ್ಚಿ ತೆಗೆದುಕೊಟ್ಟೆ. ಮರುದಿನವೇ ವಾಪಸ್ಸು ಬಂದಳು. ಇನ್ನೂ ನಡುಗುತ್ತಂತೆ. ನನಗೆ ಪಿತ್ತ ನೆತ್ತಿಗೇರಿತು. "ಮೋಟರೇ ಇಲ್ಲ ಅದರಲ್ಲಿ! ಎಲ್ಲಿ, ಹಿಡಿದು ತೋರ್ಸು."

ಹಿಡಿದಳು. ಕಂಟ್ರೋಲರ್ ನಡುಗಿತು. ಅದನ್ನು ಅವಳ ಕೈಯಿಂದ ತೆಗೆದುಕೊಂಡೆ, ನನ್ನ ಕೈಯಲ್ಲಿ ಸುಮ್ಮನೆ ಕೂತಿತು. ಅವಳ ಬರಿಗೈ ಮಾತ್ರ ಹಾಗೇ ನಡುಗುತ್ತಿತ್ತು. ಇಬ್ಬರೂ ಅದನ್ನೇ ನೋಡಿದೆವು. ಅತ್ತೆ ಕೈಯನ್ನು ಕಂಕುಳಲ್ಲಿ ಅವುಚಿಕೊಂಡು, "ಇರ್ಲಿ ಬಿಡು, ಹೊತ್ತಾಯ್ತು" ಎಂದು ಹೊರಟುಬಿಟ್ಟಳು.

ನರದ ಕಾಯಿಲೆ ಎಂದರು ಡಾಕ್ಟರು. ಮಾತ್ರೆಯಿಂದ ತಡೆದುಕೊಂಡು ಹೋಗಬಹುದು, ವಾಸಿಯಾಗುವುದಿಲ್ಲ. ಅತ್ತೆ ಮೊದಲು ಕಾಜಾ ಬಿಟ್ಟಳು, ಆಮೇಲೆ ಗುಂಡಿ. ಚೆಲ್ಲುತ್ತದೆಂದು ನಾಲ್ಕು ಜನರ ಮುಂದೆ ಚಹಾ ಕುಡಿಯುವುದನ್ನು ಬಿಟ್ಟಳು. ಕೊನೆಗೆ ಗಿರಾಕಿಗಳ ಜೊತೆ ಮಾತನ್ನೂ ಬಿಟ್ಟಳು. ಉಳಿದಿದ್ದು ಮಧ್ಯಾಹ್ನದ ಆ ಸೇತುವೆ ಒಂದೇ. ಅಲ್ಲೂ ಶುರುವಿಗೇ ಬೀಳತೊಡಗಿದಾಗ, ಕಂಟ್ರೋಲರ್ ಕೆಳಗಿಟ್ಟು, "ಇನ್ಮೇಲೆ ನೀವೊಬ್ರೇ ಆಡ್ಕೊಳ್ಳಿ" ಎಂದಳಂತೆ.

ಮಾವ ಅಳತೆ ಟೇಪನ್ನು ಕುತ್ತಿಗೆಯಿಂದ ತೆಗೆಯುವುದನ್ನೂ ಮರೆತು ನನ್ನಲ್ಲಿಗೆ ಓಡಿಬಂದ. "ಇದನ್ನೂ ಬಿಟ್ಟರೆ ಅವಳು ಗೋಡೆ ನೋಡ್ತಾ ಕೂತುಬಿಡ್ತಾಳೆ ಕಣೇ. ನಂಗೆ ಭಯ ಆಗುತ್ತೆ. ಪಿಸೀಲಿ ಏನ್ ಬೇಕಾದ್ರೂ ಬದಲಾಯಿಸ್ಬೋದು ಅಂತೀಯಲ್ಲ? ಕನ್ಸೋಲು ರೆಡಿಮೇಡ್ ಅಂಗಿ ಇದ್ದಂಗೆ, ಮೈಗೆ ಕೂತರೆ ಕೂತಿತು, ಇಲ್ಲಾಂದ್ರೆ ಇಲ್ಲ. ನೀನು ಅವಳ ಅಳತೆಗೆ ಹೊಲಿದುಕೊಡು."

ಅದೇ ಆಟ ಪಿಸಿಗೂ ಬಂದಿತ್ತು. ಮೌಸ್ ನಿಧಾನವಾಗುವಂತೆ ಮಾಡಿದೆ. ನಾಲ್ಕೈದು ಗುಂಡಿಗಳ ಕೆಲಸವನ್ನು ಒಂದೇ ದಪ್ಪ ಗುಂಡಿಗೆ ತಂದೆ. ಬಂದೂಕು ತಾನೇ ಗುರಿ ಹುಡುಕುವಂತೆ ಮಾಡಿದೆ. ಮಾವ ನನ್ನ ಹೆಗಲ ಮೇಲೆ ಬಗ್ಗಿ, "ಇನ್ನೂ ಸ್ವಲ್ಪ ಸಡಿಲ ಬಿಡು" ಎನ್ನುತ್ತಲೇ ಇದ್ದ. ಶತ್ರುಗಳು ಮೆತ್ತಗಾಗಲಿ. ಅವಳಿಗೆ ಗುಂಡು ಕಡಿಮೆ ತಗುಲಲಿ. ತಗುಲುವುದೇ ಬೇಡ. ಬಟ್ಟೆ ಹೊಲಿಯುವಾಗ ಎಷ್ಟು ಸಡಿಲ ಬಿಡಬೇಕೆಂಬುದು ನೀರು ಕುಡಿದಷ್ಟು ಸಲೀಸಾಗಿ ಗೊತ್ತಿದ್ದ ಮನುಷ್ಯ, ಹೆಂಡತಿಯ ವಿಷಯಕ್ಕೆ ಬಂದಾಗ ಅಳತೆ ತಪ್ಪಿದ. ಪಿಸಿಯ ಆಟದಲ್ಲಿ ಪರದೆ ಎರಡಾಗುತ್ತಿರಲಿಲ್ಲ. ಅದಕ್ಕೆ ನನ್ನ ಅಂಗಡಿಯಿಂದ ಎರಡು ಪಿಸಿ ಸಾಗಿಸಿ, ಕೋಣೆಯ ಆ ಮೂಲೆಗೊಂದು ಈ ಮೂಲೆಗೊಂದು ಇಟ್ಟೆವು.

ಅತ್ತೆ ಮೊದಲ ಸಲವೇ ಸೇತುವೆ ದಾಟಿದಳು. ಮಾವ ಚಪ್ಪಾಳೆ ತಟ್ಟಿದ. ಮಾರನೇ ದಿನವೂ ದಾಟಿದಳು. ಅದರ ಮಾರನೇ ದಿನ ಕುರ್ಚಿಯ ಹತ್ತಿರವೂ ಸುಳಿಯಲಿಲ್ಲ. ಎಲ್ಲ ಸರಿಯಿದೆಯೇ ನೋಡಲೆಂದು ಹೋಗಿದ್ದ ನನ್ನೆದುರಿಗೇ ಮಾವ ಗೋಗರೆದ. "ಚೆನ್ನಾಗಿ ಆಡ್ತಿದ್ದೆಯಲ್ಲೇ! ಒಂದ್ಸಲಾನೂ ಬೀಳಲಿಲ್ಲ."

"ರೀ, ಇಬ್ಬರು ತೂರಿಕೊಳ್ಳೋವಷ್ಟು ದೊಡ್ಡ ಅಂಗಿ ಹೊಲಿದಿದ್ದೀರಿ. ಅದರೊಳಗೆ ನಾನು ಎಲ್ಲಿದ್ದೀನಿ ಅಂತ ನಂಗೇ ಗೊತ್ತಾಗ್ತಿಲ್ಲ" ಎಂದಳು ಅತ್ತೆ. ಎಷ್ಟೋ ದಿನದ ಮೇಲೆ ಅವಳ ಬಾಯಿ ಚೂಪಾಗಿತ್ತು. "ಗೆದ್ದೇ ಗೆಲ್ತೀನಿ ಅಂತ ಗೊತ್ತಿದ್ರೆ ಇನ್ನೊಂದ್ಸಲ ಯಾಕ್ರೀ ಆಡ್ಬೇಕು? ಮೊದಲು ನೀವು ಬಿದ್ರೆ ನಾನು ಬರ್ತಿದ್ದೆ, ನಾನು ಬಿದ್ರೆ ನೀವು ಓಡಿ ಬರ್ತಿದ್ರಿ. ಈಗ ನಾನು ಬೀಳೋದೂ ಇಲ್ಲ, ನೀವು ಬರೋದೂ ಇಲ್ಲ. ಆ ಮೂಲೇಲಿ ನಿಮ್ಮ ಪಾಡಿಗೆ ನೀವು ಕೂತಿರ್ತೀರಿ." ಕೈಯನ್ನು ಅವನ ಮುಂದೆ ಚಾಚಿ ಹೇಳಿದಳು, "ಹೋಗಿರೋದು ನನ್ನ ಕೈ ರೀ. ನಾನು ಇಲ್ಲೇ ಇದ್ದೀನಿ."

ಇಡೀ ದಿನ ಪಿಸಿ ಪುರಾಣ ಹೇಳುವ ನಾನೇ ಕನ್ಸೋಲನ್ನು ಟಿವಿಗೆ ಸಿಕ್ಕಿಸಿದೆ.

ಇಬ್ಬರೂ ಬೆಂಚಿನ ಮೇಲೆ ಒತ್ತೊತ್ತಾಗಿ ಕೂತರು. ಸೇತುವೆಯ ಬುಡದಲ್ಲೇ ಅತ್ತೆ ಬಿದ್ದಳು. "ನೋಡ್ಕೊಂಡು ಬರಬಾರ್ದೇನೇ!" ಎನ್ನುತ್ತ ಮಾವ ಓಡಿಬಂದು ಎಬ್ಬಿಸಿದ. ಮತ್ತೆ ಬಿದ್ದಳು, ಮತ್ತೆ ಎಬ್ಬಿಸಿದ. ಅವಳ ಹಿಂದೆ ಮುಂದೆ ಓಡಾಡುವ ಆತುರದಲ್ಲಿ ನಡು ಸೇತುವೆಯಲ್ಲಿ ತಾನೇ ಬಿದ್ದ.

ಈಗ ಎಬ್ಬಿಸಬೇಕಾದವಳು ಅತ್ತೆ. ಓಲಾಡುತ್ತ ಹೇಗೋ ಅವನ ಪಕ್ಕಕ್ಕೆ ಬಂದು ಗುಂಡಿ ಒತ್ತಿದಳು. ಚಕ್ರ ತುಂಬಲು ಶುರುವಾಯಿತು, ಹೆಬ್ಬೆರಳು ಅದುರಿ ಜಾರಿತು, ಚಕ್ರ ಅಳಿಸಿಹೋಯಿತು. ಮತ್ತೆ ಒತ್ತಿದಳು, ಮತ್ತೆ ಅಳಿಸಿತು. ಮಾವ ತಡೆಯಲಾರದೆ ತನ್ನ ಕೈಯನ್ನು ಅವಳ ಬೆರಳ ಮೇಲಿಡಲು ಹೋದ.

"ಕೈ ತೆಗೀರಿ. ನಾನೇ ಎಬ್ಬಿಸ್ತೀನಿ."

ಕಂಟ್ರೋಲರನ್ನು ಮೊಣಕಾಲಿಗೆ ಒತ್ತಿ ಹಿಡಿದು, ನಡುಗುವ ಹೆಬ್ಬೆರಳ ಮೇಲೆ ಎಡಗೈ ಊರಿದಳು. ಚಕ್ರ ಅರ್ಧ ದಾಟಿತು, ಮುಕ್ಕಾಲು ದಾಟಿತು. ಅಷ್ಟರಲ್ಲಿ ಎಲ್ಲಿಂದಲೋ ಗುಂಡು ಬಂದು ಅವಳೂ ಬಿದ್ದಳು. ಟಿವಿ ಕಪ್ಪಾಯಿತು.

ಅತ್ತೆಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಕಿವಿಗೆ ಬಿದ್ದಿದ್ದು ನಗು.

"ಅಯ್ಯೋ, ಇನ್ನೇನು ಎದ್ದೇಬಿಡ್ತಿದ್ರಲ್ರೀ! ಒಂಚೂರಲ್ಲಿ ತಪ್ಪೋಯ್ತು. ಇನ್ನೊಂದ್ಸಲ ಹಾಕಿ."

"ತಾಳೇ, ನಂಗೇನೂ ಕಾಣಿಸ್ತಿಲ್ಲ" ಎಂದ ಮಾವ, ತೋಳಿನಿಂದ ಕಣ್ಣೊರೆಸಿಕೊಳ್ಳುತ್ತ.

"ಆಮೇಲೆ ಅಳೋರಂತೆ. ಬೇಗ ಹಾಕ್ರೀ, ಯಾರಾದ್ರೂ ಗಿರಾಕಿ ಬಂದುಬಿಡ್ತಾರೆ."