ಪಾಯಖಾನೆಯ ಕೀಲಿ

ಎಪ್ಪತ್ತರ ದಶಕದ ನಡುವೆ ನಾನು ಅಕ್ಕಲಕೋಟದಿಂದ ದಿನಾ ಬಸ್ಸಿನಲ್ಲಿ ಸೊಲ್ಲಾಪುರಕ್ಕೆ ಹೋಗಿ ಒಂದು ಕಚೇರಿಯಲ್ಲಿ ಟೈಪಿಂಗ್ ಮಾಡುತ್ತಿದ್ದೆ. ಅಲ್ಲಿ ಹೆಂಗಸು ನಾನೊಬ್ಬಳೇ. ಗಂಡಸರಿಗೆ ಹಿತ್ತಲ ಗೋಡೆ ಇತ್ತು. ಇದ್ದ ಒಂದೇ ಪಾಯಖಾನೆಗೆ ಬೀಗ. ಹೊರಗಿನವರು ಹೊಲಸು ಮಾಡುತ್ತಾರೆಂದು ಅದರ ಕೀಲಿಯನ್ನು ಹೆಡ್ ಕ್ಲಾರ್ಕರು ತಮ್ಮ ಡ್ರಾವರಿನಲ್ಲಿ ಇಟ್ಟುಕೊಂಡಿದ್ದರು. ಹೊಟ್ಟೆ ಹಿಂಡಿದಾಗಲೆಲ್ಲ ನಾನು ಅವರ ಮುಂದೆ ಕೈಯೊಡ್ಡಬೇಕು. ಅವರು ಕನ್ನಡಕದ ಮೇಲಿಂದ ನೋಡಿ, ಎಲ್ಲರಿಗೂ ಕೇಳುವಂತೆ ಮರಾಠಿಯಲ್ಲಿ, ಮತ್ತೆ ಬಂತೇ, ಅನ್ನುವರು. ಉಳಿದವರು ನಗುವರು. ಬಸ್ಸಿನಲ್ಲಿ ಏನಾಗುತ್ತದೋ ಎಂದು ಹೆದರಿ ಚಹಾ ಕೂಡ ಕುಡಿಯದೆ ಬಂದವಳಿಗೆ ಆ ನಗು ಕೇಳಿ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಅವರು ಹೊಸ ಕಾನೂನು ಮಾಡಿದರು: ರೋಗವಿದ್ದರೆ ಡಾಕ್ಟರ ಚೀಟಿ ತರಬೇಕು, ಇಲ್ಲದಿದ್ದರೆ ಕೀಲಿ ದಿನಕ್ಕೆ ಒಮ್ಮೆ ಮಾತ್ರ. ಒಮ್ಮೆ ಮಾತ್ರ ಅಂದರೆ ನಾನು ನೌಕರಿ ಬಿಟ್ಟ ಹಾಗೆಯೇ. ನನ್ನ ಪಗಾರದ ಮೇಲೆ ಮನೆ ನಡೆಯುತ್ತಿತ್ತು.

ದವಾಖಾನೆಯಲ್ಲಿ ಮಲದ ಪರೀಕ್ಷೆ, ಎಕ್ಸರೇ ಎಲ್ಲ ಆದವು. ಏನೂ ಸಿಗಲಿಲ್ಲ. ಹೊಟ್ಟೆಯಷ್ಟೇ ಅಲ್ಲ, ಸೊಂಟ ನೋಯುತ್ತದೆ, ತಲೆ ಸಿಡಿಯುತ್ತದೆ, ಮೂತ್ರಕ್ಕೂ ಪದೇ ಪದೇ ಹೋಗಬೇಕು, ಎಷ್ಟು ಮಲಗಿದರೂ ದಣಿವು ಆರುವುದಿಲ್ಲ ಅಂದೆ. ಡಾಕ್ಟರು ಕೈ ಎತ್ತಿ ತಡೆದರು. ಇಷ್ಟೆಲ್ಲ ಒಬ್ಬರಿಗೇ ಇರುವುದಿಲ್ಲವಂತೆ. ಮದುವೆಯಾದರೆ ಎಲ್ಲ ನೆಟ್ಟಗಾಗುತ್ತದಂತೆ. ಚೀಟಿ ಕೊಡಲಿಲ್ಲ.

ಹೊರಗಿನ ಬೆಂಚಿನ ಮೇಲೆ ಕುರನೂರಿನ ಒಬ್ಬ ಹೆಂಗಸು ಹೊಟ್ಟೆ ಹಿಡಿದು ಕೂತಿದ್ದಳು. ಕೇಳಿದರೆ ಅದೇ ಹೊಟ್ಟೆ, ಅದೇ ಸೊಂಟ, ಅದೇ ದಣಿವು. ಡಾಕ್ಟರು ಏನಂದರು ಅಂದೆ.

‘ಲಗ್ನ ಆಗಿ ನಾಕ ಹಡದೀಯಲ್ಲ, ಅದಕ್ಕ ಹಿಂಗ ಆಗೇದ ಅಂದ್ರು ನೋಡವ್ವಾ.’

ನನಗೆ ಮದುವೆಯಾಗದ್ದು ರೋಗ, ಆಕೆಗೆ ಆದದ್ದು ರೋಗ. ಎಷ್ಟು ಓದಿದ್ದನೋ ಪುಣ್ಯಾತ್ಮ.

ಮರುದಿನ ಮಧ್ಯಾಹ್ನ ಹೊಟ್ಟೆ ಎರಡನೆಯ ಸಲ ಹಿಂಡಿತು. ಹೆಡ್ ಕ್ಲಾರ್ಕರು ಚೀಟಿ ಎಲ್ಲಿ ಅಂದರು. ನಾನೇ ಡ್ರಾವರು ಎಳೆದು ಕೀಲಿ ತೆಗೆದುಕೊಂಡೆ. ಕಚೇರಿಯಲ್ಲಿ ಮರಾಠಿಯನ್ನೇ ಆಡುತ್ತಿದ್ದವಳ ಬಾಯಿಗೆ ಆಗ ಬಂದದ್ದು ಮನೆಯ ಮಾತು.

‘ಚೀಟಿ ಇಲ್ರಿ. ಹೊಟ್ಟಿ ಅದ. ಕೀಲಿ ಇನ್ನ ನನ್ನ ಕಡೇನೇ ಇರತದ.’

ಯಾರೂ ನಗಲಿಲ್ಲ. ಕೀಲಿ ಮತ್ತೆ ಆ ಡ್ರಾವರಿಗೆ ಹೋಗಲೂ ಇಲ್ಲ. ಆವತ್ತು ನಾನು ಅಳಲಿಕ್ಕೆ ಒಳಗೆ ಹೋದೆ ಎಂದು ಅವರು ಮೊದಲು ತಿಳಿದಿರಬೇಕು. ಅಳಲಿಲ್ಲ. ಬಾಗಿಲು ಹಾಕಿಕೊಂಡು, ಡಾಕ್ಟರಿಂದ ಹಿಡಿದು ಒಬ್ಬೊಬ್ಬರನ್ನೂ ಹೊರಗೆ ಕೇಳುವಷ್ಟು ಗಟ್ಟಿಯಾಗಿ ಬೈದೆ.