ಮೂರನೆಯ ಕೊಟೇಶನ್ನಿಗಾಗಿ ಕಾದ ಪಿಸ್ತೂಲು

ಕಚೇರಿ ಪತ್ರಗಳ ಹೊರತು ಬೇರೇನನ್ನೂ ಬರೆದು ಅಭ್ಯಾಸವಿಲ್ಲದ ನಾನು, ಕುವೈತಿನಲ್ಲಿ ಒಂದು ಪಿಸ್ತೂಲನ್ನು ಆರಿಸಬೇಕಾಗಿ ಬಂದ ಸಂಗತಿಯನ್ನು ಓದುಗರ ಅವಗಾಹನೆಗೆ ತರಬಯಸುತ್ತೇನೆ. ಭಾಷೆಯಲ್ಲಿ ಬಿಗಿತ ಕಂಡುಬಂದಲ್ಲಿ ಅದನ್ನು ವೃತ್ತಿಯ ದೋಷವೆಂದು ಪರಿಗಣಿಸಿ ಮನ್ನಿಸಬೇಕಾಗಿ ಕೋರಿಕೆ. ಸದರಿ ಪಿಸ್ತೂಲು ನನ್ನ ಸ್ವಂತ ಉಪಯೋಗಕ್ಕಾಗಿ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಹೆಂಡತಿ ಮತ್ತು ಮಗಳು.

೧೯೯೦ರ ಬೇಸಿಗೆಯಲ್ಲಿ ನಾನು ನಲ್ಲಿ, ಪೈಪುಗಳನ್ನು ಆಮದು ಮಾಡುವ ಕಂಪೆನಿಯೊಂದರಲ್ಲಿ ಖರೀದಿ ಗುಮಾಸ್ತನಾಗಿದ್ದೆ. ಬ್ನೇದ್ ಅಲ್ ಗಾರ್‌ನಲ್ಲಿ ಊರಿನ ಇತರರೊಡನೆ ಹಂಚಿಕೊಂಡಿದ್ದ ಕೋಣೆಯನ್ನು ಬಿಡುವ ಉದ್ದೇಶದಿಂದ ಸಾಲ್ಮಿಯಾದಲ್ಲಿ ಸಣ್ಣ ಮನೆಯೊಂದನ್ನು ನೋಡಿಟ್ಟಿದ್ದೆ. ಉಡುಪಿಯಲ್ಲಿದ್ದ ಮಗಳು ಕುವೈತಿಗೆ ಬಂದಿಳಿದಾಗ ಹಾಕಿಕೊಳ್ಳಲೆಂದು ಕೆಂಪು ಚಪ್ಪಲಿಯನ್ನೂ ಕೊಂಡಾಗಿತ್ತು. ಬಾಕಿ ಇದ್ದದ್ದು ಫ್ಯಾಮಿಲಿ ವೀಸಾ. ಅದಕ್ಕೆ ಬೇಕಾದ ಸಂಬಳದ ಪ್ರಮಾಣಪತ್ರಕ್ಕೆ ನನ್ನ ಕಫೀಲ್, ಅಂದರೆ ನನ್ನನ್ನು ಆ ದೇಶದಲ್ಲಿ ತಮ್ಮ ಜವಾಬ್ದಾರಿಯ ಮೇಲೆ ಇರಿಸಿಕೊಂಡಿದ್ದ ಕಂಪೆನಿಯ ಮಾಲೀಕರು, ಸಹಿ ಹಾಕಬೇಕಿತ್ತು. ಪ್ರಮಾಣಪತ್ರವನ್ನು ನಾನೇ ಟೈಪು ಮಾಡಿ, ಸಹಿಯ ಜಾಗದಲ್ಲಿ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿ, ಅವರ ಮುಂದಿಟ್ಟೆ.

ಮಾಲೀಕರ ಗಮನ ಆ ದಿನಗಳಲ್ಲಿ ಬೇರೆಡೆ ಇತ್ತು. ಅವರ ಭಾವಮೈದುನ ಗುರಿ ಹೊಡೆಯುವ ಸ್ಪರ್ಧೆಯಲ್ಲಿ ಬೆಳ್ಳಿಯ ಕಪ್ ಗೆದ್ದು, ಬಂದವರಿಗೆಲ್ಲ ಅದರಲ್ಲಿ ಖರ್ಜೂರ ಇಟ್ಟು ಕೊಡುತ್ತಿದ್ದನಂತೆ. ಅಂದಿನಿಂದ ಇವರೂ ಕ್ಲಬ್ಬಿಗೆ ಸೇರಿ, ಕ್ಲಬ್ಬಿನ ಪಿಸ್ತೂಲಿನಿಂದ ಅಭ್ಯಾಸ ಆರಂಭಿಸಿದ್ದರು. ಈಗ ಸ್ವಂತದ್ದೊಂದು, ಪಾಯಿಂಟ್ ಟ್ವೆಂಟಿ ಟೂ ಎಂಬ ಸಣ್ಣ ಗುಂಡಿನದು, ಬೇಕಾಗಿತ್ತು. ನನ್ನ ಕಾಗದವನ್ನು ಓದಿ ಮೇಜಿನ ಗಾಜಿನ ಕೆಳಗೆ ಸರಿಸಿದರು.

"ಅವ್ವಲ್ ಪಿಸ್ತೂಲ್, ಬಾದೇನ್ ಮದಾಮ್," ಎಂದರು. ಮೊದಲು ಪಿಸ್ತೂಲು, ಆಮೇಲೆ ಹೆಂಡತಿ. "ಅಚ್ಛಾ ಚಾಹಿಯೇ. ರಖೀಸ್ ಚಾಹಿಯೇ."

ಒಳ್ಳೆಯದೂ ಆಗಿರಬೇಕು, ಅಗ್ಗವೂ ಆಗಿರಬೇಕು. ನಲ್ಲಿಗಳ ವಿಷಯದಲ್ಲೂ ಅವರ ಆದೇಶ ಇದೇ ಆಗಿರುತ್ತಿದ್ದುದರಿಂದ ನನಗೆ ಆಶ್ಚರ್ಯವಾಗಲಿಲ್ಲ. ಪರವಾನಗಿಯ ಕೆಲಸ ಅವರದು, ಆಯ್ಕೆಯ ಕೆಲಸ ನನ್ನದು ಎಂದಾಯಿತು.

ನಮ್ಮ ಕಂಪೆನಿಯಲ್ಲಿ ಪೊರಕೆಯನ್ನೂ ಮೂರು ಕೊಟೇಶನ್ ಇಲ್ಲದೆ ಕೊಳ್ಳುವಂತಿರಲಿಲ್ಲ. ನಿಯಮ ಮಾಲೀಕರದೇ. ನನಗಿಂತ ಮುಂಚೆ ಇದ್ದ ಗುಮಾಸ್ತರು ಎರಡೇ ಕೊಟೇಶನ್ನಿನ ಮೇಲೆ ಗೋಡೆ ಫ್ಯಾನೊಂದನ್ನು ಕೊಂಡು, 'ಖಲಾಸ್' ಎಂಬ ಒಂದೇ ಮಾತಿನ ಬೀಳ್ಕೊಡುಗೆಯೊಂದಿಗೆ ಊರಿಗೆ ಮರಳಿದ್ದರು. ಆದಕಾರಣ ಪಿಸ್ತೂಲಿಗೂ ಮೂರು ಕೊಟೇಶನ್ ಕರೆಯಲು ತೀರ್ಮಾನಿಸಲಾಯಿತು. ತೀರ್ಮಾನಿಸಿದವನು ನಾನೇ.

ವಿಷಯದ ಪ್ರಾಥಮಿಕ ತಿಳಿವಳಿಕೆಗಾಗಿ ಸಬ್ಹಾನ್‌ನಲ್ಲಿದ್ದ ನಮ್ಮ ಗೋದಾಮಿನ ಸ್ಟೋರ್‌ಕೀಪರರನ್ನು ಕಂಡೆ. ಅವರು ಬಂಟ್ವಾಳದ ಕಡೆಯ ಬ್ಯಾರಿ. ಅವರ ಅಜ್ಜನ ಬಳಿ ಕೋವಿ ಇತ್ತೆಂಬುದು ನಮಗೆಲ್ಲ ತಿಳಿದಿತ್ತು. ಅವರು ಅದನ್ನು ಮರೆಯಲು ಬಿಡುತ್ತಿರಲಿಲ್ಲ.

"ಪಾಯಿಂಟ್ ಟ್ವೆಂಟಿ ಟೂ?" ಎಂದು ಅವರು ನಕ್ಕರು. "ಎಂಥ ಮಾರಾಯ್ರೆ, ಅದರಲ್ಲಿ ಹಂದಿ ಬಿಡಿ, ಹೆಗ್ಗಣ ಸಹ ಸಾಯುದಿಲ್ಲ."

"ಹೊಡೆಯುವುದು ಕಾಗದಕ್ಕೆ, ಸಾಹೇಬರೇ."

"ಕಾಗದ ಓಡ್ತದಾ? ಹತ್ತಿರ ಹೋಗಿ ಪೆನ್ನಲ್ಲಿ ತೂತು ಮಾಡಿದ್ರೆ ಆಯ್ತಲ್ಲ! ನೋಡಿ, ಕೋವಿ ಅಂದ್ರೆ ಶಬ್ದ ಬೇಕು. ನಮ್ಮ ಅಜ್ಜ ಒಂದು ಬಿಟ್ರೆ ಆಚೆ ಊರಿನ ನಾಯಿ ಸಹ ಬಾಯಿ ಮುಚ್ತಿತ್ತು."

"ಹಂದಿ ಎಷ್ಟು ಸತ್ತವು?"

"ಸಾಯ್ಲಿಕ್ಕೆ ಅಲ್ಲ ಮಾರಾಯ್ರೆ, ಹೆದರ್ಲಿಕ್ಕೆ!"

ಈ ಅಭಿಪ್ರಾಯವನ್ನು ಗೌರವಪೂರ್ವಕವಾಗಿ ಬದಿಗಿರಿಸಿ, ಮಾಲೀಕರೊಡನೆ ಕ್ಲಬ್ಬಿಗೆ ಹೋದೆ. ನಗರದ ಅಂಗಡಿಯೊಂದು ಉದ್ದ ನಳಿಗೆಯ ಹೊಸ ಪಿಸ್ತೂಲನ್ನು ನೋಡಲು ಕಳಿಸಿತ್ತು. ಕ್ಲಬ್ಬಿನ ಸದಸ್ಯರೊಬ್ಬರು ತಮ್ಮ ಹಳೆಯ ರಿವಾಲ್ವರನ್ನು ಇನ್ನೂ ಕಡಿಮೆ ಬೆಲೆಗೆ ಮಾರಲಿಟ್ಟಿದ್ದರು. ಅಲ್ಲಿನ ತರಬೇತುದಾರರು ಪಾಕಿಸ್ತಾನದ ನಿವೃತ್ತ ಸೈನಿಕರು. ಅವರು ಸಣ್ಣ ಗುಂಡೊಂದನ್ನು ಅಂಗೈಯಲ್ಲಿಟ್ಟು ವಿವರಿಸಿದರು: ಇದರ ಮದ್ದಿಗೆ ಕಿಡಿ ತಗಲುವುದು ನಡುವಿನಿಂದಲ್ಲ, ತಳದ ಅಂಚಿನಿಂದ. ಅಂಚಿಗೊಂದು ಪೆಟ್ಟು ಬಿದ್ದರೆ ಸಾಕು. ಗುಂಡು ಅಗ್ಗ, ಕೈಗೆ ಒದೆತ ಕಡಿಮೆ. ಹೊಸಬನು ದೊಡ್ಡದನ್ನು ಹಿಡಿದರೆ ಗುರಿ ಇಡುವುದಕ್ಕಿಂತ ಮುಂಚೆ ಕಣ್ಣು ಮುಚ್ಚುವುದನ್ನು ಕಲಿಯುತ್ತಾನೆ.

ಮಾಲೀಕರು ಕೆಮ್ಮಿದರು. ಅವರು ಅದಾಗಲೇ ಕಲಿತಿದ್ದರು.

ಎರಡನ್ನೂ ಅವರು ಹೊಡೆದು ನೋಡಿದರು. ಹಳೆಯ ರಿವಾಲ್ವರಿನ ಟ್ರಿಗರ್ ಎಷ್ಟು ಬಿಗಿಯಾಗಿತ್ತೆಂದರೆ, ಎಳೆಯುವಷ್ಟರಲ್ಲಿ ಗುರಿ ಪಕ್ಕದವರ ಹಲಗೆಯನ್ನು ತಲುಪುತ್ತಿತ್ತು. ಹೊಸದರ ಹಿಡಿ ಅವರ ದಪ್ಪ ಕೈಗೆ ಸರಿಯಾಗಿ ಕೂತಿತು. ಗುರಿ ನೋಡುವ ಹಿಂಬದಿಯ ಕಚ್ಚನ್ನು ತಿರುಪಿನಿಂದ ಸರಿಪಡಿಸಬಹುದಿತ್ತು. ಖರೀದಿ ವಿಭಾಗದ ಪರವಾಗಿ ಪರೀಕ್ಷಿಸುವುದು ನನ್ನ ಕರ್ತವ್ಯವಾಗಿದ್ದುದರಿಂದ, ಗುಂಡು ತೆಗೆದಿಟ್ಟ ಪಿಸ್ತೂಲನ್ನು ಗುರಿಹಲಗೆಯತ್ತ ಹಿಡಿದು ಟಕ್ ಟಕ್ ಎಂದು ಒತ್ತತೊಡಗಿದೆ. ನಮ್ಮ ಕಚೇರಿಯಲ್ಲಿ ಹೊಸ ಸ್ಟೇಪ್ಲರನ್ನು ಪಿನ್ನಿಲ್ಲದೆ ಒತ್ತಿ ನೋಡಿಯೇ ತೆಗೆದುಕೊಳ್ಳುವ ಪದ್ಧತಿ.

"ಓ ಭಾಯಿ! ಖಾಲಿ ಮತ್ ಚಲಾಓ!" ತರಬೇತುದಾರರು ಅದನ್ನು ನನ್ನ ಕೈಯಿಂದ ಕಸಿದುಕೊಂಡರು. ಗುಂಡಿಲ್ಲದಿದ್ದರೆ ಪೆಟ್ಟು ಲೋಹದ ಮೇಲೆಯೇ ಬಿದ್ದು ಒಳಗಿನ ಮೊಳೆ ಹಾಳಾಗುತ್ತದಂತೆ. ಅಂದಿನಿಂದ ನನ್ನ ಪರೀಕ್ಷೆ ನೋಟಕ್ಕೆ ಸೀಮಿತವಾಯಿತು.

ಆಯ್ಕೆ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಕೊಟೇಶನ್ ಎರಡೇ ಆಗಿತ್ತು. ನನ್ನ ಕಣ್ಣ ಮುಂದೆ ಆ ಗೋಡೆ ಫ್ಯಾನು ತಿರುಗತೊಡಗಿತು. ಯುರೋಪಿನ ವ್ಯಾಪಾರಿಯೊಬ್ಬರಿಗೆ ಪತ್ರ ಬರೆದೆ. ಫ್ಯಾಕ್ಸ್ ಇತ್ತು, ಆದರೆ ಮೂಲ ಸಹಿಯುಳ್ಳ ಕಾಗದವೇ ಬೇಕೆಂಬುದೂ ನಿಯಮದಲ್ಲಿತ್ತು. ಜೂನ್ ಕಳೆಯಿತು. ಜುಲೈಯಲ್ಲಿ ಆ ವ್ಯಾಪಾರಿ ಬೇಸಿಗೆ ರಜೆಯಲ್ಲಿದ್ದಾರೆಂದು ತಿಳಿದುಬಂತು. ಮಾಲೀಕರು ತಮ್ಮದೇ ನಿಯಮವನ್ನು ಮುರಿಯಲಾಗದೆ ಕ್ಲಬ್ಬಿನ ಪಿಸ್ತೂಲಿನಲ್ಲಿ ಕಣ್ಣು ಮುಚ್ಚುತ್ತಲೇ ಇದ್ದರು. ನನ್ನ ಪ್ರಮಾಣಪತ್ರ ಗಾಜಿನ ಕೆಳಗೆ ಹಳದಿಯಾಗುತ್ತಿತ್ತು.

ಶುಕ್ರವಾರಗಳಂದು ಉಡುಪಿಯ ಎಸ್‌ಟಿಡಿ ಬೂತಿಗೆ ಫೋನು ಮಾಡುತ್ತಿದ್ದೆ. ಹೆಂಡತಿ ಅಲ್ಲಿ ಕಾದಿರುತ್ತಿದ್ದಳು.

"ಪಿಸ್ತೂಲು ಆಯ್ತಾ?"

"ಮೂರನೇ ಕೊಟೇಶನ್ ಬರ್ಲಿಕ್ಕುಂಟು."

"ನನ್ನನ್ನು ಮದುವೆ ಆಗುವಾಗ ಎಷ್ಟು ಕೊಟೇಶನ್ ಕರ್ದಿದ್ರಿ?"

"ಒಂದೇ. ಅದೂ ನಿನ್ನ ಸೋದರಮಾವ ತಂದದ್ದು."

"ಹಾಗಾದ್ರೆ ಇದಕ್ಕೆ ಎಂಥದು ಇಷ್ಟು? ಆ ಸಾಲ್ಮಿಯಾದ ಮನೆ ಬೇರೆಯವರು ಹಿಡೀತಾರೆ. ಇವಳ ಕಾಲಿಗೆ ಚಪ್ಪಲಿ ಸಣ್ಣ ಆಗ್ತದೆ. ನಿಮಗೆ ನಾವು ಬರುವುದು ಬೇಡ ಅಂತ ಇದ್ರೆ ಸೀದಾ ಹೇಳಿ."

ಬೇಡವೆಂದು ಇರಲಿಲ್ಲ. ನನಗಿದ್ದದ್ದು ಆ ಗೋಡೆ ಫ್ಯಾನಿನ ಹೆದರಿಕೆ. ಹೆಂಡತಿಗೆ ಅದನ್ನು ವಿವರಿಸಲು ಯೋಗ್ಯವಾದ ವಾಕ್ಯರಚನೆ ತಿಳಿದಿರಲಿಲ್ಲ.

ಕೊನೆಗೂ ಆಗಸ್ಟಿನ ಮೊದಲ ಬುಧವಾರ ಆ ಕಾಗದ ಬಂತು. ಬೆಲೆ ಮೂರರಲ್ಲಿ ಅತಿ ಹೆಚ್ಚು. ಅತಿ ಕಡಿಮೆ ಬೆಲೆಯ ರಿವಾಲ್ವರು ಪರೀಕ್ಷೆಯಲ್ಲೇ ಬಿದ್ದಿತ್ತು. ಆದ್ದರಿಂದ ಎರಡು ತಿಂಗಳ ಹಿಂದೆ ಕೈಗೆ ಸರಿಯಾಗಿ ಕೂತಿದ್ದ ಪಿಸ್ತೂಲೇ ವಿಧಿಬದ್ಧವಾಗಿ ಆಯ್ಕೆಯಾಯಿತು. ಮಾಲೀಕರು ಸಂತೋಷದಿಂದ ಗಾಜನ್ನೆತ್ತಿ, ನನ್ನ ಪೆನ್ಸಿಲ್ ಗುರುತಿನ ಮೇಲೆಯೇ ಸಹಿ ಹಾಕಿದರು. ಶನಿವಾರ ಅಂಗಡಿಗೂ ಹೋಗು, ವೀಸಾ ಕಚೇರಿಗೂ ಹೋಗು ಎಂದರು.

ಗುರುವಾರ ಬೆಳಗಾಗುವಾಗ ಇರಾಕಿನ ಟ್ಯಾಂಕುಗಳು ಬಂದಿದ್ದವು. ಕಿಟಕಿಯ ಗಾಜು ಅದುರುತ್ತಿತ್ತು. ಒಂದೆರಡು ದಿನಗಳಲ್ಲಿ ಸ್ಟೋರ್‌ಕೀಪರರು ಗೋದಾಮನ್ನು ಬಿಟ್ಟು ನಮ್ಮ ಕೋಣೆಗೆ ಬಂದು ಸೇರಿದರು. ಹೊರಗೆ ಮತ್ತೊಂದು ಸದ್ದಾದಾಗ ಅವರು ಕಿವಿ ಮುಚ್ಚಿಕೊಂಡು, "ಶಬ್ದ ಬೇಕು ಅಂತ ಹೇಳಿದ್ದು ನಾನೇ ಮಾರಾಯ್ರೆ. ವಾಪಸ್ ತಕೊಂಡೆ," ಎಂದರು.

ಇಬ್ಬರೂ ಬಸ್ಸಿನಲ್ಲಿ ಬಗ್ದಾದಿನ ದಾರಿಯಾಗಿ ಜೋರ್ಡಾನಿನ ಗಡಿಗೆ ಹೋಗಿ, ಮರಳುಗಾಡಿನ ಡೇರೆಗಳಲ್ಲಿ ವಿಮಾನಕ್ಕಾಗಿ ಕಾದೆವು. ಪಕ್ಕದ ಡೇರೆಯಲ್ಲಿ ಸಾಲ್ಮಿಯಾದ ಒಂದು ಕುಟುಂಬವಿತ್ತು. ಅವರ ಮಗಳು ಬರಿಗಾಲಿನಲ್ಲಿ ಬಿಸಿಮರಳಿನ ಮೇಲೆ ಒಂದೊಂದೇ ಕಾಲನ್ನೆತ್ತುತ್ತ ನೀರಿನ ಸಾಲಿನಲ್ಲಿ ನಿಂತಿದ್ದಳು. ನನ್ನ ಚೀಲದಲ್ಲಿದ್ದ ಕೆಂಪು ಚಪ್ಪಲಿ ಅವಳಿಗೆ ಸರಿಹೋಯಿತು. ಕೊಟೇಶನ್ನಿನ ಪತ್ರವನ್ನು ಅಂಚೆಗೆ ಹಾಕದೆ ಫ್ಯಾಕ್ಸ್ ಮಾಡಿದ್ದರೆ ಆ ಸಾಲಿನಲ್ಲಿ ನಿಲ್ಲುವವರು ಯಾರಾಗಿರುತ್ತಿದ್ದರೆಂಬ ಕುರಿತು ಹೆಚ್ಚಿನ ವಿವರಣೆ ಅಗತ್ಯವಿಲ್ಲವೆಂದು ಭಾವಿಸುತ್ತೇನೆ.

ಉಡುಪಿ ಬಸ್ ನಿಲ್ದಾಣದಲ್ಲಿ ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಪಿಸ್ತೂಲು ತಂದ್ರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅತ್ತಳು.

೧೯೯೧ರಲ್ಲಿ, ಯುದ್ಧ ಮುಗಿದ ಮೇಲೆ, ಮಾಲೀಕರು ನನ್ನನ್ನು ಮರಳಿ ಕರೆಸಿಕೊಂಡರು. ಅಂಗಡಿಯೂ ಇಲ್ಲ, ಆರಿಸಿದ ಪಿಸ್ತೂಲೂ ಇಲ್ಲ. ಸಬ್ಹಾನ್‌ನ ಗೋದಾಮಿನಲ್ಲಿ ಒಂದು ನಲ್ಲಿಯೂ ಉಳಿದಿರಲಿಲ್ಲ. ನೆಲದ ತುಂಬ ಹೆಬ್ಬೆರಳಿಗಿಂತ ದಪ್ಪನೆಯ, ಸಿಡಿದ ಗುಂಡುಗಳ ಖಾಲಿ ತೋಟಾಗಳು ಬಿದ್ದಿದ್ದವು. ಮಾಲೀಕರು ಒಂದನ್ನು ಕಾಲಿನಿಂದ ಸರಿಸಿದರು. ಕಚೇರಿಗೆ ಬಂದವರೇ ಲೆಟರ್‌ಹೆಡ್ಡಿನ ಖಾಲಿ ಹಾಳೆಗೆ ಸಹಿ ಹಾಕಿ ನನಗೆ ಕೊಟ್ಟರು. "ಅವ್ವಲ್ ಮದಾಮ್," ಎಂದರು. "ಪಿಸ್ತೂಲ್ ಬಾದೇನ್."

ಆ ಶುಕ್ರವಾರ ಫೋನಿನಲ್ಲಿ ಇದನ್ನು ಹೆಂಡತಿಗೆ ತಿಳಿಸಿದೆ.

"ಪಿಸ್ತೂಲಿನ ಆ ಹಳೇ ಕೊಟೇಶನ್ ಈಗಲೂ ನಡೀತದಾ?" ಎಂದು ಕೇಳಿದಳು.

"ಇಲ್ಲ, ಅವಧಿ ಮುಗಿದಿದೆ. ಹೊಸದಾಗಿ ಕರೆಯಬೇಕು."

"ಹಾಗಾದ್ರೆ ಮೊದಲು ಅದನ್ನೇ ಕರೀರಿ. ಮೂರು ಸಾಲದು, ಐದು ಕರೀರಿ. ಎಲ್ಲ ಬಂದ ಮೇಲೆ ನಾವು ಬರ್ತೇವೆ."

ಸಹಿ ಹಾಕಿದ ಹಾಳೆಯನ್ನು ನನ್ನ ಮೇಜಿನ ಗಾಜಿನ ಕೆಳಗೆ ಇಟ್ಟು, ಯುರೋಪಿನ ವ್ಯಾಪಾರಿಗೆ ಪತ್ರ ಬರೆದೆ. ಅಂಚೆಯಲ್ಲೇ ಕಳಿಸಿದೆ.