ಮೂರು ಮನೆಗೆ ಒಂದು ಬಾಗಿಲು

ಸೂರಿಲ್ಲದವರಿಗೆ ಸರ್ಕಾರ ಕೊಡುವ ಮನೆ ದುಡ್ಡು ಸರಿಯಾಗಿ ಖರ್ಚಾಗಿದೆಯಾ ಅಂತ ನೋಡಿ ಬರೋದು ನನ್ನ ಕೆಲಸ. ದುದ್ದದ ಕಡೆ ಒಂದು ಹಳ್ಳಿಗೆ ಹೋದಾಗ, ಅಲ್ಲಿಂದ ಬಂದಿದ್ದ ಫೋಟೊಗಳನ್ನು ಮೊಬೈಲಿನಲ್ಲಿ ಮತ್ತೆ ನೋಡಿದೆ. ಮೂರು ಮನೆಗೂ ಅದೇ ಹಸಿರು ಬಾಗಿಲು, ಅದೇ ಮೂಲೆಯಲ್ಲಿ ಅದೇ ಬಿರುಕು. ಆದರೆ ಕಣ್ಣೆದುರಿನ ಮೊದಲ ಮನೆಗೆ ಬಾಗಿಲಿನ ಜಾಗದಲ್ಲಿ ಹಳೇ ಸೀರೆ ಇಳಿಬಿಟ್ಟಿತ್ತು.

"ಬಾಗಿಲೆಲ್ಲಮ್ಮಾ?" ಅಂತ ಕೇಳಿದೆ, ಆ ಮನೆಯ ಸಾಕಮ್ಮನನ್ನು.

"ಬಾಗ್ಲಿರೋ ಪಟ ಕೊಡ್ದಿದ್ರೆ ಕೊನೆ ಕಂತು ಬರಾಕಿಲ್ಲ ಅಂದ್ರು. ಕಂತು ಬರ್ದೆ ಬಾಗ್ಲು ಎಲ್ಲಿಂದ ತರೋದು, ನೀವೇ ಯೋಳಿ. ಅದ್ಕೇ ಸಮುದಾಯ ಭವನದ ಬಾಗ್ಲು ಬಿಚ್ಕಂಬಂದು, ಒಂದೊಂದ್ ಮನೇಗೂ ಒರಗ್ಸಿ ಪಟ ತೆಗೆಸ್ಕಂಡೋ."

"ಮತ್ತೆ ವಾಪಸ್ ಹಾಕಲಿಲ್ವಾ?"

"ಕೊನೇ ಮನೇಲಿ ಬಾಣಂತಿ ಅವ್ಳೆ ಕಣಪ್ಪ, ಚಳಿಗಾಳಿ. ಭವನದಲ್ಲಿ ಯಾರವ್ರೆ?"

'ಮನೆಗಳಿಗೆ ಬಾಗಿಲಿಲ್ಲ, ಕೊನೆ ಕಂತು ಕೊಟ್ಟರೆ ಬರುತ್ತದೆ' ಅಂತ ವರದಿ ಬರೆದೆ.

ಅವತ್ತು ನಾನು ಸಮುದಾಯ ಭವನವನ್ನೂ ನೋಡಬೇಕಿತ್ತು. 'ಬೀಗ ಹಾಕಿತ್ತು, ಒಳಗೆ ಹೋಗಲಾಗಲಿಲ್ಲ' ಅಂತ ಬರೆದು ಮಂಡ್ಯದ ಬಸ್ಸು ಹತ್ತಿದೆ.